ಜ್ಯೂರಿಕ್‌ನಿಂದ ಮಿಲಾನ್‌ಗೆ: ಆಲ್ಪ್ಸ್ ದಾಟುವ ನಾಲ್ಕು ರೈಲು ದಾರಿಗಳು, ಹೊಂದಿಸಿಕೊಳ್ಳುವ ಕ್ರಮ

ಜ್ಯೂರಿಕ್‌ನಿಂದ ಮಿಲಾನ್‌ಗೆ ರೈಲು ಹುಡುಕಿದರೆ ಯಾವ ಆ್ಯಪ್ ಆದರೂ ಮೊದಲು ತೋರಿಸುವುದು ದೇಶ ದೇಶಗಳ ನಡುವೆ ಓಡುವ ಯೂರೋಸಿಟಿ ರೈಲನ್ನೇ. ಎಲ್ಲೂ ಇಳಿದು ಹತ್ತುವ ಕೆಲಸವಿಲ್ಲ, ಸುಮಾರು 3 ಗಂಟೆ 20 ನಿಮಿಷಕ್ಕೆ ಮಿಲಾನ್. ಕೆಲಸದ ಮೇಲೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಈ ರೈಲು ಆಲ್ಪ್ಸ್ ಹತ್ತುವುದೇ ಇಲ್ಲ, ಅದರ ಬುಡದಲ್ಲಿ ತೂರಿಕೊಂಡು ಹೋಗುತ್ತದೆ. 2016ರಲ್ಲಿ ಶುರುವಾದ ಗೊಟ್ಹಾರ್ಡ್ ಬೇಸ್ ಸುರಂಗದ ಉದ್ದ 57 ಕಿ.ಮೀ. ಅದರೊಳಗೆ ಸುಮಾರು 20 ನಿಮಿಷ ಕಿಟಕಿಯಲ್ಲಿ ಕಾಣುವುದು ನಮ್ಮದೇ ಮುಖ. ಬೆಟ್ಟ ನೋಡುವ ಆಸೆಯಿಂದಲೇ ರೈಲು ಹತ್ತುವವರಿಗೆ ಇನ್ನೂ ಮೂರು ದಾರಿಗಳಿವೆ. ಆ್ಯಪ್ ಅವನ್ನು ತಾನಾಗಿ ತೋರಿಸುವುದಿಲ್ಲ, ನಾವೇ ಕೇಳಿ ಹೊರಡಿಸಬೇಕು.

ದಾರಿಗಳನ್ನು ಹೋಲಿಸುವಾಗ ಹೆಚ್ಚಿನವರು ಒಟ್ಟು ಗಂಟೆ ಮತ್ತು ಒಟ್ಟು ದುಡ್ಡು ಎರಡನ್ನೇ ನೋಡುತ್ತಾರೆ. ಅಷ್ಟು ಸಾಲದು. ಪ್ರತಿ ದಾರಿಯನ್ನೂ ತುಂಡು ತುಂಡಾಗಿ ಒಡೆದು, ಯಾವ ತುಂಡಿನಲ್ಲಿ ರೈಲು ಅಪರೂಪ, ಯಾವುದು ಒಂಟಿ ಹಳಿ, ಎಲ್ಲಿ ರೈಲ್ವೆ ಕಂಪನಿ ಬದಲಾಗುತ್ತದೆ ಎಂದು ನೋಡಬೇಕು. ಇಡೀ ಪ್ರಯಾಣ ಕೆಡುವುದು ಅಲ್ಲೇ. ಆ ಬಿಗಿಯಾದ ತುಂಡನ್ನು ಮೊದಲು ಗಟ್ಟಿ ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರುವುದು ನಾನು ಅನುಸರಿಸುವ ಕ್ರಮ. ಜ್ಯೂರಿಕ್–ಮಿಲಾನ್ ಅದಕ್ಕೆ ಒಳ್ಳೆಯ ಉದಾಹರಣೆ, ಯಾಕೆಂದರೆ ಇಲ್ಲಿ ನಾಲ್ಕು ದಾರಿಗೂ ನಾಲ್ಕು ಬೇರೆ ಸ್ವಭಾವ.

ಮೊದಲನೆಯದು ಮೇಲೆ ಹೇಳಿದ ಬೇಸ್ ಸುರಂಗದ ದಾರಿ. ಎರಡನೆಯದು ಅದರ ನೆತ್ತಿಯ ಮೇಲಿರುವ ಹಳೆಯ ಗೊಟ್ಹಾರ್ಡ್ ಮಾರ್ಗ. 1882ರಲ್ಲಿ ತೆರೆದದ್ದು, 15 ಕಿ.ಮೀ. ಸುರಂಗ. ಬೇಸ್ ಸುರಂಗದಲ್ಲಿ ರೈಲು ಏರುವುದು ಸಮುದ್ರಮಟ್ಟದಿಂದ 549 ಮೀಟರ್‌ವರೆಗೆ, ಹಳೆಯದರಲ್ಲಿ 1,151 ಮೀಟರ್‌ವರೆಗೆ. ಮೂರನೆಯದು ಪೂರ್ವಕ್ಕೆ ಸುತ್ತಿ ಹೋಗುವ ಬೆರ್ನಿನಾ: ಕೂರ್, ಪೊಂತ್ರೆಸೀನಾ, ತಿರಾನೊ, ಅಲ್ಲಿಂದ ಕೋಮೋ ಸರೋವರದ ದಂಡೆ ಹಿಡಿದು ಮಿಲಾನ್. ನಾಲ್ಕನೆಯದು ಪಶ್ಚಿಮಕ್ಕೆ ಬರ್ನ್, ಬ್ರಿಗ್, ಸಿಂಪ್ಲೋನ್ ಸುರಂಗ, ದೊಮೊದೊಸ್ಸೊಲಾ ಮೂಲಕ. ಸಿಂಪ್ಲೋನ್ 1906ರದ್ದು, 19.8 ಕಿ.ಮೀ. 1982ರವರೆಗೂ ಬೆಟ್ಟ ಕೊರೆದು ಮಾಡಿದ ಪ್ರಪಂಚದ ಅತಿ ಉದ್ದದ ರೈಲು ಸುರಂಗ ಅದೇ ಆಗಿತ್ತು.

ಏರು ಎಷ್ಟು ಕಡಿದು ಎನ್ನುವುದಕ್ಕೆ ನಮ್ಮಲ್ಲೇ ಒಂದು ಅಳತೆಗೋಲಿದೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗ, ಏರು 50ಕ್ಕೆ 1. ಅಂದರೆ ಸಾವಿರ ಮೀಟರ್ ಮುಂದೆ ಹೋದರೆ 20 ಮೀಟರ್ ಎತ್ತರ. ಹಳೆಯ ಗೊಟ್ಹಾರ್ಡ್‌ನಲ್ಲಿ ಇದು ಸಾವಿರಕ್ಕೆ ಸುಮಾರು 27, ನಮ್ಮ ಘಾಟಿಗಿಂತ ಸ್ವಲ್ಪ ಜಾಸ್ತಿ. ಬೆರ್ನಿನಾದಲ್ಲಿ ಸಾವಿರಕ್ಕೆ 70, ಅಂದರೆ 14ಕ್ಕೆ 1. ಹಲ್ಲಿನ ಹಳಿಯ ಆಸರೆಯಿಲ್ಲದೆ, ಬರೀ ಚಕ್ರ ಮತ್ತು ಹಳಿಯ ಹಿಡಿತದಲ್ಲೇ ಹತ್ತುವ ರೈಲುಗಳಲ್ಲಿ ಇಷ್ಟು ಕಡಿದಾದ ಏರು ಬಹಳ ಅಪರೂಪ. 1910ರಲ್ಲಿ ತೆರೆದ ಈ ಮಾರ್ಗ ಮೊದಲ ದಿನದಿಂದಲೂ ವಿದ್ಯುತ್ತಿನಲ್ಲೇ ಓಡಿದ್ದು, ಮೀಟರ್ ಗೇಜ್ ಆಗಿರುವುದು, ಕೆಲವು ತಿರುವುಗಳ ತ್ರಿಜ್ಯ 45 ಮೀಟರಿನಷ್ಟು ಚಿಕ್ಕದಾಗಿರುವುದು ಎಲ್ಲವೂ ಈ ಏರಿಗೆ ಸಂಬಂಧಪಟ್ಟಿದ್ದೇ. ಹಾಗಾಗಿ ಪೊಂತ್ರೆಸೀನಾ ಪಕ್ಕದ ಸೇಂಟ್ ಮೋರಿಟ್ಜ್‌ನಿಂದ ತಿರಾನೊವರೆಗಿನ 61 ಕಿ.ಮೀ.ಗೆ ಎರಡು ಗಂಟೆಯ ಮೇಲೆ ಹಿಡಿಯುತ್ತದೆ. ಸಕಲೇಶಪುರದ ಘಾಟಿಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಇಳಿದವರಿಗೆ ಈ ಲಯ ಹೊಸದಲ್ಲ.

ಈಗ ಹೊಂದಿಸುವ ಕೆಲಸ. ಸ್ವಿಸ್ ರೈಲ್ವೆಯ ಆ್ಯಪ್‌ನಲ್ಲಿ ಎಲ್ಲಿಂದ, ಎಲ್ಲಿಗೆ ಎಂಬುದರ ಜೊತೆ ‘ವಯಾ’ ಎಂಬ ಖಾನೆಯೂ ಇದೆ. ಇಡೀ ಯೋಜನೆಯ ಕೀಲಿಕೈ ಅದೇ. ಅಲ್ಲಿ ಗೋಶೆನೆನ್ ಎಂದು ಹಾಕಿದರೆ ಹಳೆಯ ಗೊಟ್ಹಾರ್ಡ್ ದಾರಿ ಬರುತ್ತದೆ, ಪೊಂತ್ರೆಸೀನಾ ಅಥವಾ ತಿರಾನೊ ಎಂದರೆ ಬೆರ್ನಿನಾ, ದೊಮೊದೊಸ್ಸೊಲಾ ಎಂದರೆ ಸಿಂಪ್ಲೋನ್. ಜರ್ಮನ್ ರೈಲ್ವೆಯ ಜಾಲತಾಣದಲ್ಲೂ ನಡುವಿನ ನಿಲ್ದಾಣ ಹಾಕಬಹುದು. ಜೊತೆಗೆ ಒಂದು ರೈಲಿನಿಂದ ಇನ್ನೊಂದಕ್ಕೆ ಬದಲಾಗಲು ಕನಿಷ್ಠ ಎಷ್ಟು ನಿಮಿಷ ಬೇಕು ಎಂದೂ ಹೇಳಬಹುದು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅಲ್ಲಿ 15 ನಿಮಿಷ ಎಂದು ಹಾಕಿ ಹುಡುಕಿ. ಐದು ನಿಮಿಷದ ಕನೆಕ್ಷನ್‌ಗಳೆಲ್ಲ ಉದುರಿ ಹೋಗಿ, ನಿಜವಾಗಿ ಮಾಡಬಹುದಾದವು ಮಾತ್ರ ಉಳಿಯುತ್ತವೆ.

ಹುಡುಕುವಾಗ ಹೋಗುವ ದಿನಾಂಕವನ್ನೇ ಹಾಕಬೇಕು. ‘ಸುಮ್ಮನೆ ಒಂದು ಅಂದಾಜು’ ಎಂದು ನಾಳೆಯ ದಿನಾಂಕ ಹಾಕಿ ನೋಡಿದ ವೇಳಾಪಟ್ಟಿ ಮೂರು ತಿಂಗಳ ನಂತರ ಹಾಗೇ ಇರುತ್ತದೆಂಬ ಖಾತ್ರಿಯಿಲ್ಲ. ಯುರೋಪಿನ ಉದ್ದಗಲಕ್ಕೂ ರೈಲ್ವೆ ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್‌ನ ಎರಡನೇ ಶನಿವಾರದ ಮಧ್ಯರಾತ್ರಿ ಬದಲಾಗುತ್ತದೆ, ಜೂನ್ ನಡುವಿನಲ್ಲಿ ಸಣ್ಣ ತಿದ್ದುಪಡಿಯೂ ಇರುತ್ತದೆ. ಕ್ರಿಸ್‌ಮಸ್ ರಜೆಗೆ ಹೋಗುವವರು ಅಕ್ಟೋಬರ್‌ನಲ್ಲಿ ಹುಡುಕಿ ‘ರೈಲೇ ಇಲ್ಲ’ ಎಂದು ಗಾಬರಿಯಾಗುವುದು ಇದರಿಂದಲೇ. ರೈಲು ಇರುತ್ತದೆ, ಹೊಸ ವರ್ಷದ ಪಟ್ಟಿ ಇನ್ನೂ ವ್ಯವಸ್ಥೆಗೆ ಏರಿರುವುದಿಲ್ಲ.

ನಮ್ಮವರು ಎಡವುವ ಮುಖ್ಯ ಜಾಗ ಟಿಕೆಟ್. ನಮ್ಮ ದೂರದ ರೈಲುಗಳಲ್ಲಿ ರಿಸರ್ವೇಶನ್ ಟಿಕೆಟ್ ಅಂದರೆ ಸೀಟು, ಸೀಟಿಲ್ಲದಿದ್ದರೆ ಆರ್‌ಎಸಿ ಇಲ್ಲವೇ ವೇಟಿಂಗ್ ಲಿಸ್ಟ್. ಸ್ವಿಟ್ಜರ್ಲೆಂಡ್‌ನಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ಸಾಮಾನ್ಯ ಟಿಕೆಟ್‌ನಲ್ಲಿ ದಾರಿ ಮತ್ತು ದಿನ ಇರುತ್ತದೆ, ರೈಲಿನ ನಂಬರ್ ಇರುವುದಿಲ್ಲ. ಆ ದಿನ ಆ ದಾರಿಯ ಯಾವ ರೈಲಿಗಾದರೂ ಹತ್ತಬಹುದು, ಖಾಲಿ ಕಂಡಲ್ಲಿ ಕೂರಬಹುದು. ಮುಂಚಿತವಾಗಿ ಕೊಳ್ಳುವ ರಿಯಾಯಿತಿ ಟಿಕೆಟ್ ಮಾತ್ರ ನಿರ್ದಿಷ್ಟ ರೈಲಿಗೇ ಕಟ್ಟಿದ್ದು. ಅದನ್ನು ಕೊಂಡು ಇನ್ನೊಂದು ರೈಲು ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕವೇ. ಗಡಿ ದಾಟುವ ಯೂರೋಸಿಟಿಗೆ ಸೀಟು ಕಾಯ್ದಿರಿಸುವುದು ಕಡ್ಡಾಯ. ಕಿಟಕಿಗಾಜು ಮೇಲಿನವರೆಗೂ ಇರುವ ಬೆರ್ನಿನಾ ಎಕ್ಸ್‌ಪ್ರೆಸ್‌ಗೂ ಕಡ್ಡಾಯ. ಪಾಸ್ ಇದ್ದವರೂ ರಿಸರ್ವೇಶನ್ ಶುಲ್ಕವನ್ನು ಬೇರೆಯಾಗಿ ಕಟ್ಟಬೇಕು. ಪಾಸ್ ಕೈಯಲ್ಲಿದೆ ಎಂಬ ಧೈರ್ಯದಲ್ಲಿ ರಿಸರ್ವೇಶನ್ ಮಾಡಿಸದೆ ಆ ರೈಲಿನ ಬಾಗಿಲಿಗೆ ಹೋದರೆ ಹತ್ತಿಸಿಕೊಳ್ಳದಿರಬಹುದು.

ಆದರೆ ಬೆರ್ನಿನಾ ಎಕ್ಸ್‌ಪ್ರೆಸ್ ತುಂಬಿದೆ ಎಂದು ಆ ದಾರಿಯನ್ನೇ ಬಿಡಬೇಕಿಲ್ಲ. ಅದೇ ಹಳಿ, ಅದೇ ಸೇತುವೆಗಳ ಮೇಲೆ ಪ್ರತಿ ಗಂಟೆಗೂ ಸಾಮಾನ್ಯ ರೈಲು ಓಡುತ್ತದೆ, ರಿಸರ್ವೇಶನ್ ಬೇಕಿಲ್ಲ. ನನ್ನ ಮಟ್ಟಿಗೆ ಅದೇ ಹೆಚ್ಚು ಒಳ್ಳೆಯದು. ಎಕ್ಸ್‌ಪ್ರೆಸ್‌ನ ಗಾಜು ತೆರೆಯುವುದಿಲ್ಲ, ಫೋಟೊ ತೆಗೆದರೆ ಒಳಗಿನ ಸೀಟುಗಳ ಪ್ರತಿಬಿಂಬ ಬೀಳುತ್ತದೆ. ಸಾಮಾನ್ಯ ರೈಲಿನ ಹಳೆಯ ಬೋಗಿಗಳಲ್ಲಿ ಕಿಟಕಿ ಇಳಿಸಿ ಗಾಳಿಗೆ ಮುಖವೊಡ್ಡಬಹುದು. ಬೇಸಿಗೆಯ ನಡುವೆ ಕೆಲವು ರೈಲುಗಳಿಗೆ ಮೇಲ್ಛಾವಣಿ ಇಲ್ಲದ ಹಳದಿ ಬೋಗಿಗಳನ್ನೂ ಸೇರಿಸುತ್ತಾರೆ. ಮುಖ್ಯವಾಗಿ, ಬೇಕಾದ ನಿಲ್ದಾಣದಲ್ಲಿ ಇಳಿದು ಮುಂದಿನ ಗಂಟೆಯ ರೈಲು ಹಿಡಿಯಬಹುದು. ಎಕ್ಸ್‌ಪ್ರೆಸ್‌ನಲ್ಲಿ ಹೀಗೆ ಇಳಿದರೆ ಕಾಯ್ದಿರಿಸಿದ ಸೀಟು ಅಲ್ಲಿಗೆ ಮುಗಿಯಿತು.

ಬೆರ್ನಿನಾ ದಾರಿಯನ್ನು ತುಂಡು ಮಾಡಿ ನೋಡೋಣ. ಜ್ಯೂರಿಕ್‌ನಿಂದ ಕೂರ್‌ಗೆ ಸುಮಾರು 1 ಗಂಟೆ 15 ನಿಮಿಷ, ರೈಲಿಗೆ ಬರವಿಲ್ಲ. ಕೂರ್‌ನಿಂದ ಸೇಂಟ್ ಮೋರಿಟ್ಜ್ ಕಡೆಗೆ ಸುಮಾರು 2 ಗಂಟೆ, ಗಂಟೆಗೊಂದು ರೈಲು. ಅಲ್ಲಿಂದ ತಿರಾನೊಗೆ 2 ಗಂಟೆಯ ಮೇಲೆ ಚಿಲ್ಲರೆ, ಅದೂ ಗಂಟೆಗೊಂದು. ತಿರಾನೊದಿಂದ ಮಿಲಾನ್ ಸೆಂತ್ರಾಲೆ ಎಂಬ ಮುಖ್ಯ ನಿಲ್ದಾಣಕ್ಕೆ ಸುಮಾರು 2½ ಗಂಟೆ, ನೇರ ರೈಲು ಎರಡು ಗಂಟೆಗೊಂದೇ. ಕಾಯುವ ಸಮಯ ಸೇರಿಸಿದರೆ ಒಂಬತ್ತು ಗಂಟೆಯ ದಾರಿ. ಬಿಗಿಯಾದ ತುಂಡು ಯಾವುದೆಂಬುದು ಈಗ ಕಣ್ಣಿಗೆ ಹೊಡೆಯುತ್ತದೆ: ಕೊನೆಯದು. ಎರಡು ಗಂಟೆಗೊಂದೇ ರೈಲು, ಕೋಮೋ ಸರೋವರದ ದಕ್ಷಿಣ ತುದಿಯ ಲೆಕ್ಕೊದವರೆಗೆ ಬಹುಪಾಲು ಒಂಟಿ ಹಳಿ. ಎದುರಿನ ರೈಲು ತಡವಾದರೆ ಈ ರೈಲು ಕ್ರಾಸಿಂಗ್‌ಗಾಗಿ ನಿಲ್ದಾಣದಲ್ಲೇ ಕಾಯುತ್ತದೆ, ಒಂದರ ತಡ ಇನ್ನೊಂದಕ್ಕೆ ಅಂಟುತ್ತದೆ.

ಆದ್ದರಿಂದ ಮಿಲಾನ್ ಎಷ್ಟು ಹೊತ್ತಿಗೆ ಸೇರಬೇಕೆಂದು ಮೊದಲು ನಿರ್ಧರಿಸಿ, ತಿರಾನೊದಿಂದ ಹೊರಡುವ ರೈಲೊಂದನ್ನು ಆರಿಸಿ. ಅದರ ನಂತರ ಅದೇ ದಿನ ಇನ್ನೂ ಒಂದು ರೈಲಾದರೂ ಇರಬೇಕು. ಕೊನೆಯ ರೈಲನ್ನು ಎಂದೂ ಮೊದಲ ಆಯ್ಕೆ ಮಾಡಬೇಡಿ. ನಂತರ ತಿರಾನೊಗೆ ಬಂದು ಸೇರುವ ಬೆರ್ನಿನಾ ರೈಲು ನೋಡಿ. ಹತ್ತೇ ನಿಮಿಷ ಅಂತರವಿರುವುದನ್ನು ಆ್ಯಪ್ ತೋರಿಸಿದರೆ ಅದನ್ನು ಬಿಟ್ಟು, ಅದಕ್ಕೂ ಒಂದು ಗಂಟೆ ಮುಂಚಿನದನ್ನು ಹಿಡಿಯಿರಿ. ಎರಡು ನಿಲ್ದಾಣಗಳೂ ಪಕ್ಕಪಕ್ಕದಲ್ಲೇ ಇವೆ, ನಡಿಗೆಗೆ ಐದು ನಿಮಿಷ ಸಾಕು. ಆದರೂ ಬೆಟ್ಟದ ರೈಲು ಹತ್ತು ನಿಮಿಷ ತಡವಾದರೆ ಮುಂದಿನ ಎರಡು ಗಂಟೆ ಚೌಕದಲ್ಲಿ ಕೂರಬೇಕಾಗುತ್ತದೆ. ಒಂದು ಗಂಟೆ ಕೈಯಲ್ಲಿದ್ದರೆ ಊಟ, ಟಿಕೆಟ್, ಶೌಚಾಲಯ ಎಲ್ಲ ನಿಧಾನವಾಗಿ ಮುಗಿಯುತ್ತದೆ. ಅಲ್ಲಿಂದ ಹಿಂದಕ್ಕೆ ಪೊಂತ್ರೆಸೀನಾ, ಕೂರ್, ಜ್ಯೂರಿಕ್ ತನಕ ಲೆಕ್ಕ ಹಾಕುತ್ತಾ ಬಂದರೆ ಬೆಳಿಗ್ಗೆ 7ರ ಸುಮಾರಿಗೆ ಜ್ಯೂರಿಕ್ ಬಿಡಬೇಕೆಂಬ ಉತ್ತರ ಸಿಗುತ್ತದೆ. ಚಳಿಗಾಲದಲ್ಲಿ ಇದಕ್ಕಿಂತ ತಡ ಮಾಡಿದರೆ ಕೋಮೋ ಸರೋವರದ ದಂಡೆಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ.

ಕೂರ್‌ನಲ್ಲಿ ಮಾತ್ರ ಅಷ್ಟು ಹೆದರಬೇಕಿಲ್ಲ. ಸ್ವಿಟ್ಜರ್ಲೆಂಡ್ 1982ರಿಂದ ದೇಶದ ತುಂಬ ಒಂದೇ ಲಯದ ವೇಳಾಪಟ್ಟಿ ಇಟ್ಟುಕೊಂಡಿದೆ: ಪ್ರತಿ ಗಂಟೆಗೂ ಅದೇ ನಿಮಿಷಕ್ಕೆ ರೈಲು. ದೊಡ್ಡ ಜಂಕ್ಷನ್‌ಗಳಿಗೆ ನಾಲ್ಕು ಕಡೆಯ ರೈಲುಗಳೂ ಗಂಟೆ ಅಥವಾ ಅರ್ಧಗಂಟೆ ತುಂಬುವ ಸ್ವಲ್ಪ ಮೊದಲು ಬಂದು ಸೇರಿ, ತುಂಬಿದ ಸ್ವಲ್ಪ ನಂತರ ಚದುರುತ್ತವೆ. ಎಂಟು ನಿಮಿಷದ ಕನೆಕ್ಷನ್ ಅಲ್ಲಿ ಆಕಸ್ಮಿಕವಲ್ಲ, ಹಾಗೇ ಕಟ್ಟಿದ್ದು. ತಪ್ಪಿದರೂ ಮುಂದಿನ ರೈಲು ಒಂದು ಗಂಟೆಯೊಳಗೆ ಬರುತ್ತದೆ. ಇದೇ ಧೈರ್ಯವನ್ನು ಗಡಿಯಾಚೆಗೆ ಒಯ್ಯಬಾರದು, ಅಷ್ಟೇ.

ಯಾವ ಕಡೆ ಕೂರಬೇಕು ಎನ್ನುವುದು ಈ ದಾರಿಯಲ್ಲಿ ನಿಜವಾಗಿಯೂ ಮುಖ್ಯ. ಕೂರ್‌ನಿಂದ ದಕ್ಷಿಣಕ್ಕೆ ಹೊರಟಾಗ ಬಲಗಡೆ ಕೂತರೆ ಲಾಂಡ್‌ವಾಸ್ಸರ್ ಸೇತುವೆ ಕಾಣುತ್ತದೆ. 65 ಮೀಟರ್ ಎತ್ತರದ ಕಲ್ಲಿನ ಕಮಾನುಗಳು, ಬಾಗಿದ ಸೇತುವೆ, ದಾಟಿದ ಕೂಡಲೇ ನೇರ ಬಂಡೆಯೊಳಗಿನ ಸುರಂಗ. ರೈಲಿನ ಕೊನೆಯಲ್ಲಿ ಕೂತವರಿಗೆ ಎಂಜಿನ್ ಬಂಡೆಯೊಳಗೆ ನುಗ್ಗುವುದು ಕಾಣುತ್ತದೆ, ಮುಂದೆ ಕೂತವರಿಗೆ ಕಾಣುವುದಿಲ್ಲ. ಮುಂದೆ ಬೆರ್ಗ್ಯೂನ್ ಮತ್ತು ಪ್ರೆಡಾ ನಡುವೆ ನೇರ ದೂರ ಐದಾರು ಕಿ.ಮೀ., ಎತ್ತರದ ವ್ಯತ್ಯಾಸ 400 ಮೀಟರ್‌ಗೂ ಹೆಚ್ಚು. ಅಷ್ಟನ್ನು ಹತ್ತಲು ಹಳಿ ಸುರಂಗದೊಳಗೆ ಸುತ್ತುತ್ತಾ 12 ಕಿ.ಮೀ. ಹಾಯುತ್ತದೆ. ಒಂದೇ ಹಳ್ಳಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣುವುದು ಅದಕ್ಕೇ.

ಪೊಂತ್ರೆಸೀನಾ ದಾಟಿದ ಮೇಲೂ ಬಲಗಡೆಯೇ ಇರಲಿ. ಮೊರ್ತೆರಾಚ್ ಹಿಮನದಿ, ಆಮೇಲೆ 2,253 ಮೀಟರ್ ಎತ್ತರದ ಒಸ್ಪಿಜಿಯೊ ಬೆರ್ನಿನಾ ನಿಲ್ದಾಣ, ಅದರ ಮಗ್ಗುಲಲ್ಲೇ ಲಾಗೊ ಬಿಯಾಂಕೊ ಸರೋವರ, ಎಲ್ಲ ಆ ಕಡೆಗೇ. ಒಂದು ಗಂಟೆ ಇಳಿದು ಕೂರಲು ಆಲ್ಪ್ ಗ್ರ್ಯೂಮ್ ತಕ್ಕ ಜಾಗ. 2,091 ಮೀಟರ್ ಎತ್ತರದಲ್ಲಿ ನಿಲ್ದಾಣದ ಕಟ್ಟಡದಲ್ಲೇ ಊಟದ ವ್ಯವಸ್ಥೆಯಿದೆ, ಎದುರಿಗೆ ಪಾಲ್ಯೂ ಹಿಮನದಿ. ಅಲ್ಲಿಂದ ಇಳಿಜಾರು ಶುರು. ಪೊಸ್ಕಿಯಾವೊ ಕಣಿವೆಯಲ್ಲಿ ಸರೋವರ ಎಡಕ್ಕೆ ಬರುತ್ತದೆ, ಆಗ ಸೀಟು ಬದಲಿಸಬಹುದಾದ ಸ್ವಾತಂತ್ರ್ಯವಿರುವುದು ಸಾಮಾನ್ಯ ರೈಲಿನಲ್ಲೇ. ಬ್ರೂಸಿಯೊದಲ್ಲಿ ರೈಲು ಬಯಲಲ್ಲೇ ಒಂದು ಪೂರ್ತಿ ಸುತ್ತು ಹಾಕಿ ತನ್ನದೇ ಹಳಿಯ ಕೆಳಗೆ ನುಸುಳುತ್ತದೆ. ಒಂಬತ್ತು ಕಮಾನಿನ ಆ ಸೇತುವೆಯ ಉದ್ದ 110 ಮೀಟರ್, ತಿರುವಿನ ತ್ರಿಜ್ಯ 70 ಮೀಟರ್. ಬೆಟ್ಟದ ಒಳಗೆ ಸುತ್ತುಸುರಂಗ ಕೊರೆಯಲು ಆಗದ ಕಡೆ ಎತ್ತರ ಕಳೆಯಲು ಹೂಡಿದ ಉಪಾಯ ಇದು. ಕೊನೆಗೆ ತಿರಾನೊ ಊರೊಳಗೆ ರೈಲು ಟ್ರಾಮಿನಂತೆ ರಸ್ತೆಯ ಮೇಲೇ ಬಂದು, ಮದೊನ್ನಾ ದಿ ತಿರಾನೊ ಚರ್ಚಿನ ಮುಂದೆ ಕಾರುಗಳನ್ನು ನಿಲ್ಲಿಸಿಕೊಂಡು ಹಾದುಹೋಗುತ್ತದೆ. ಒಸ್ಪಿಜಿಯೊದಿಂದ ಇಲ್ಲಿಗೆ 38 ಕಿ.ಮೀ.ಯಲ್ಲಿ 1,824 ಮೀಟರ್ ಇಳಿದಿರುತ್ತೇವೆ. ಬೆಳಿಗ್ಗೆ ಹಾಕಿದ ಜಾಕೆಟ್ ಇಲ್ಲಿ ಭಾರವಾಗುತ್ತದೆ, ಬಟ್ಟೆಯನ್ನು ಪದರ ಪದರವಾಗಿ ಹಾಕಿಕೊಂಡಿರಬೇಕು.

ತಿರಾನೊದಲ್ಲಿ ಇಳಿದು ಹತ್ತಲೇಬೇಕು. ಇಲ್ಲಿಯವರೆಗಿನದು ಮೀಟರ್ ಗೇಜ್, ಮುಂದಿನದು 1,435 ಮಿ.ಮೀ. ಅಗಲದ ಹಳಿ. ಇಟಲಿಯ ಈ ಪ್ರಾದೇಶಿಕ ರೈಲಿಗೆ ದರ ನಿಗದಿಯಾದದ್ದು, ಸೀಟು ನಂಬರಿಲ್ಲ, ಮುಂಗಡವಾಗಿ ಕೊಂಡರೂ ಅಗ್ಗವಾಗುವುದಿಲ್ಲ. ಅದೇ ದಿನ ನಿಲ್ದಾಣದಲ್ಲೇ ಕೊಳ್ಳಬಹುದು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರಂ ಬಳಿಯ ಚಿಕ್ಕ ಯಂತ್ರಕ್ಕೆ ತುರುಕಿ ಸಮಯದ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ ಟಿಕೆಟ್‌ಗೆ ದಂಡ ಬೀಳುತ್ತದೆ, ‘ಗೊತ್ತಿರಲಿಲ್ಲ’ ಎಂಬ ಮಾತು ನಡೆಯುವುದಿಲ್ಲ. ಮಿಲಾನ್ ಕಡೆ ಹೋಗುವಾಗ ಕೊಲಿಕೊ ದಾಟಿದ ಮೇಲೆ ಕೋಮೋ ಸರೋವರ ಬಲಗಡೆ.

ಹಳೆಯ ಗೊಟ್ಹಾರ್ಡ್‌ಗೆ ಇಷ್ಟು ಲೆಕ್ಕಾಚಾರ ಬೇಕಿಲ್ಲ. ಜ್ಯೂರಿಕ್ ಅಥವಾ ಬಾಸೆಲ್‌ನಿಂದ ಲೊಕಾರ್ನೊ ಕಡೆಗೆ ‘ತ್ರೇನೊ ಗೊತ್ತಾರ್ದೊ’ ಎಂಬ ತಾಮ್ರ ಬಣ್ಣದ ರೈಲು 2020ರ ಡಿಸೆಂಬರ್‌ನಿಂದ ಓಡುತ್ತಿದೆ. ರಿಸರ್ವೇಶನ್ ಬೇಡ. ಬೆಲ್ಲಿಂಜೋನಾಕ್ಕೆ ಬೇಸ್ ಸುರಂಗದ ರೈಲಿಗಿಂತ ಸುಮಾರು ಒಂದು ಗಂಟೆ ಹೆಚ್ಚು. ಆ ಒಂದು ಗಂಟೆಗೆ ಸಿಗುವುದು ವಾಸ್ಸೆನ್. ಹಳ್ಳಿಯ ಬಿಳಿ ಚರ್ಚು ಮೊದಲು ತಲೆಯ ಮೇಲೆ ಗುಡ್ಡದ ತುದಿಯಲ್ಲಿ ಕಾಣುತ್ತದೆ. ರೈಲು ಸುತ್ತುಸುರಂಗ ಹೊಕ್ಕು ಹೊರಬಂದಾಗ ಅದೇ ಚರ್ಚು ಕಿಟಕಿಯ ಮಟ್ಟದಲ್ಲಿ, ಇನ್ನೊಮ್ಮೆ ತಿರುಗಿ ಬಂದಾಗ ಕಾಲ ಕೆಳಗೆ. ರೈಲು ಎಷ್ಟು ಹತ್ತಿತು ಎಂದು ಅಳೆಯಲು ಬೇರೆ ಸಾಧನ ಬೇಡ. ಬೆಲ್ಲಿಂಜೋನಾದಲ್ಲಿ ಇಳಿದು ಮಿಲಾನ್ ಕಡೆಯ ರೈಲು ಹತ್ತಬೇಕು. ಬೆಟ್ಟ ನೋಡಬೇಕು, ಆದರೆ ಇಡೀ ದಿನ ಕೊಡಲಾಗದು ಎನ್ನುವವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ.

ಸಿಂಪ್ಲೋನ್ ದಾರಿ ಜ್ಯೂರಿಕ್‌ನವರಿಗಿಂತ ಬರ್ನ್, ಬಾಸೆಲ್, ಜಿನೀವಾದಲ್ಲಿರುವವರಿಗೆ ಹೆಚ್ಚು ಸಲ್ಲುತ್ತದೆ. ಬರ್ನ್‌ನಿಂದ ಮಿಲಾನ್ ಸುಮಾರು 3 ಗಂಟೆ. ಇಲ್ಲೂ 2007ರಿಂದ 34.6 ಕಿ.ಮೀ. ಉದ್ದದ ಲ್ಯೋಟ್ಷ್‌ಬೆರ್ಗ್ ಬೇಸ್ ಸುರಂಗ ಬೆಟ್ಟವನ್ನು ನುಂಗಿದೆ. ಹಳೆಯ ಘಾಟಿ ಬೇಕಿದ್ದರೆ ‘ವಯಾ’ ಖಾನೆಯಲ್ಲಿ ಕಾಂಡರ್‌ಸ್ಟೆಗ್ ಹಾಕಿ. ದಕ್ಷಿಣಕ್ಕೆ ಹೋಗುವಾಗ ಥೂನ್ ಸರೋವರವೂ ಸ್ತ್ರೇಸಾ ಬಳಿಯ ಮಜ್ಜೋರೆ ಸರೋವರವೂ ಎಡಗಡೆ. ದೊಮೊದೊಸ್ಸೊಲಾದಿಂದ ಲೊಕಾರ್ನೊಗೆ 1923ರ ಚೆಂತೊವಾಲ್ಲಿ ಎಂಬ 52 ಕಿ.ಮೀ. ಮೀಟರ್ ಗೇಜ್ ಮಾರ್ಗವಿದೆ, ಸುಮಾರು ಎರಡು ಗಂಟೆ. ಎರಡನೆಯ ಮತ್ತು ನಾಲ್ಕನೆಯ ದಾರಿಯನ್ನು ಬೆಸೆಯುವ ಕೊಂಡಿ ಅದು. ಒಂದು ದಾರಿ ಬಂದ್ ಆದರೆ ಇನ್ನೊಂದಕ್ಕೆ ಜಾರಿಕೊಳ್ಳಲು ಉಪಯೋಗ.

ದಾರಿ ಬಂದ್ ಆಗುವುದು ಕಲ್ಪನೆಯ ಮಾತಲ್ಲ. 2023ರ ಆಗಸ್ಟ್ 10ರಂದು ಗೂಡ್ಸ್ ರೈಲೊಂದರ ಚಕ್ರ ಒಡೆದು ಗೊಟ್ಹಾರ್ಡ್ ಬೇಸ್ ಸುರಂಗದೊಳಗೆ ಹಳಿ ತಪ್ಪಿತು. ಕಿಲೋಮೀಟರ್‌ಗಟ್ಟಲೆ ಹಳಿ ಹಾಳಾಗಿ, ಸುರಂಗ ಪೂರ್ತಿಯಾಗಿ ತೆರೆದದ್ದು 2024ರ ಸೆಪ್ಟೆಂಬರ್ 2ಕ್ಕೆ. ಅಷ್ಟು ಕಾಲ ಪ್ರಯಾಣಿಕರ ರೈಲುಗಳನ್ನು ಬಹುಪಾಲು ಹಳೆಯ ಮಾರ್ಗವೇ ಹೊತ್ತುಕೊಂಡಿತು. ಅದೇ 2023ರ ಆಗಸ್ಟ್ ಕೊನೆಯಲ್ಲಿ ಫ್ರಾನ್ಸ್‌ನ ಮೊರಿಯೆನ್ ಕಣಿವೆಯಲ್ಲಿ ಗುಡ್ಡ ಕುಸಿದು ಪ್ಯಾರಿಸ್–ಮಿಲಾನ್ ಮಾರ್ಗ ನಿಂತಿತು, ರೈಲು ಮತ್ತೆ ಓಡಿದ್ದು 2025ರ ಮಾರ್ಚ್ ಕೊನೆಗೆ. ಹೀಗಾಗಿ ಟಿಕೆಟ್ ಕೊಳ್ಳುವ ಮುನ್ನ ಒಮ್ಮೆ, ಹೊರಡುವ ಹಿಂದಿನ ಸಂಜೆ ಇನ್ನೊಮ್ಮೆ ಅದೇ ಪ್ರಯಾಣವನ್ನು ಆ್ಯಪ್‌ನಲ್ಲಿ ಹುಡುಕಿ ನೋಡಬೇಕು. ಕಾಮಗಾರಿಯಿದ್ದರೆ ರೈಲಿನ ಜಾಗದಲ್ಲಿ ಬಸ್ಸಿನ ಚಿತ್ರ ಬಂದಿರುತ್ತದೆ, ಸಮಯವೂ ಉದ್ದವಾಗಿರುತ್ತದೆ. ಬಸ್ಸಿಗೆ ಬದಲಾದ ಕಡೆ ದೊಡ್ಡ ಸೂಟ್‌ಕೇಸ್ ಮತ್ತು ಸೈಕಲ್‌ಗೆ ಜಾಗ ಸಿಗುತ್ತದೆಂದು ನಂಬಿಕೊಳ್ಳಬೇಡಿ.

ಇಟಲಿಯ ಮುಷ್ಕರಗಳ ವಿಷಯ ಬೇರೆ. ಅವು ಹೇಳದೆ ಬರುವುದಿಲ್ಲ, ದಿನಾಂಕ ಮೊದಲೇ ಪ್ರಕಟವಾಗಿರುತ್ತದೆ. ಮುಷ್ಕರ ಎಂಬರ್ಥದ ‘ಷೋಪೆರೊ’ (sciopero) ಎಂಬ ಪದದ ಜೊತೆ ನಿಮ್ಮ ತಿಂಗಳನ್ನು ಹಾಕಿ ಹುಡುಕಿದರೆ ಇಟಲಿಯ ಸಾರಿಗೆ ಸಚಿವಾಲಯದ ಪಟ್ಟಿ ಸಿಗುತ್ತದೆ. ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ತಿರಾನೊ ದಾರಿಯಲ್ಲಿ ಮುಷ್ಕರದ ದಿನ ಸಿಕ್ಕಿಕೊಂಡರೆ ಸಂಜೆ 6ರ ನಂತರದ ರೈಲಿಗೆ ಯೋಜನೆ ಜರುಗಿಸಿ, ಇಲ್ಲವೇ ದಿನವನ್ನೇ ಬದಲಿಸಿ.

ಯೂರೋಸಿಟಿಯ ಸೀಟು ಮುಗಿದಿದ್ದರೆ ಒಂದು ಉಪಾಯವಿದೆ. ಜ್ಯೂರಿಕ್‌ನಿಂದ ಲುಗಾನೊವರೆಗೆ ಸ್ವಿಟ್ಜರ್ಲೆಂಡ್‌ನೊಳಗಿನ ಸಾಮಾನ್ಯ ಟಿಕೆಟ್‌ನಲ್ಲಿ ಇಂಟರ್‌ಸಿಟಿ ಹತ್ತಿ. ಅಲ್ಲಿಂದ ಕಿಯಾಸ್ಸೊ ಮೂಲಕ ಮಿಲಾನ್ ಸೆಂತ್ರಾಲೆಗೆ ‘ಟಿಲೊ’ ಪ್ರಾದೇಶಿಕ ರೈಲು ಹೋಗುತ್ತದೆ, ಅದಕ್ಕೆ ರಿಸರ್ವೇಶನ್ ಇಲ್ಲ. ಸ್ವಲ್ಪ ನಿಧಾನ, ಆದರೆ ಯಾವ ರೈಲು ತಪ್ಪಿದರೂ ಟಿಕೆಟ್ ಸಾಯುವುದಿಲ್ಲ. ವಿಮಾನದಿಂದ ಇಳಿದು ನೇರ ರೈಲು ಹತ್ತುವವರಿಗೆ, ವಿಮಾನ ತಡವಾಗುವ ಭಯವಿರುವುದರಿಂದ, ರಿಯಾಯಿತಿ ಟಿಕೆಟ್‌ಗಿಂತ ಇದೇ ಮೇಲು.

ಪಾಸ್ ಬೇಕೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಲೆಕ್ಕ ಹಾಕಿಯೇ ನೋಡಬೇಕು. ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8, 15 ದಿನಗಳ ಅಳತೆಯಲ್ಲಿ ಬರುತ್ತದೆ. ಅದು ಸ್ವಿಟ್ಜರ್ಲೆಂಡ್‌ನ ಹೊರಗೆ ನಡೆಯುವುದಿಲ್ಲವೆಂದು ಹಲವರು ಭಾವಿಸಿದ್ದಾರೆ. ಆದರೆ ಬೆರ್ನಿನಾದಲ್ಲಿ ಇಟಲಿಯೊಳಗಿನ ತಿರಾನೊವರೆಗೂ, ಸಿಂಪ್ಲೋನ್‌ನಲ್ಲಿ ದೊಮೊದೊಸ್ಸೊಲಾವರೆಗೂ ನಡೆಯುತ್ತದೆ. ಗೊಟ್ಹಾರ್ಡ್ ದಾರಿಯಲ್ಲಿ ಗಡಿಯ ಕಿಯಾಸ್ಸೊಗೆ ಮುಗಿಯುತ್ತದೆ. ಅಲ್ಲಿಂದ ಮುಂದಿನ ತುಂಡಿಗೆ ಮಾತ್ರ ಟಿಕೆಟ್ ಕೊಂಡರೆ ಸಾಕು, ಜ್ಯೂರಿಕ್‌ನಿಂದಲೇ ಕೊಳ್ಳಬೇಕಿಲ್ಲ. ಒಂದೇ ದಿನದ ಈ ಪ್ರಯಾಣಕ್ಕಾಗಿ ಪಾಸ್ ಕೊಳ್ಳುವುದು ನಷ್ಟ. ಮೂರ್ನಾಲ್ಕು ದಿನ ದಿನವೂ ಓಡಾಡುವುದಿದ್ದರೆ ಪಾಸಿನ ಬೆಲೆಯ ಪಕ್ಕದಲ್ಲಿ ಹಾಫ್ ಫೇರ್ ಕಾರ್ಡ್ ಮತ್ತು ಅರ್ಧ ದರದ ಟಿಕೆಟ್‌ಗಳ ಮೊತ್ತ ಬರೆದು ಹೋಲಿಸಿ. ಹಲವು ದೇಶ ಸುತ್ತುವವರಿಗೆ ಯೂರೇಲ್ ಮತ್ತು ಇಂಟರ್‌ರೇಲ್ ಇವೆ. ಯಾವುದು ಸಿಗುತ್ತದೆ ಎಂಬುದು ನಿಂತಿರುವುದು ವಾಸಸ್ಥಳದ ಮೇಲೆ, ಪಾಸ್‌ಪೋರ್ಟ್‌ನ ಬಣ್ಣದ ಮೇಲಲ್ಲ. ಬೆಂಗಳೂರಿನಿಂದ ಬರುವ ಅಪ್ಪ ಅಮ್ಮನಿಗೆ ಯೂರೇಲ್, ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ಮಗಳಿಗೆ ಇಂಟರ್‌ರೇಲ್. ಇಬ್ಬರಿಗೂ ಒಂದೇ ಕೊಂಡರೆ ರೈಲಿನಲ್ಲಿ ತಪಾಸಣೆಗೆ ಬಂದವರು ಒಪ್ಪುವುದಿಲ್ಲ.

ಟಿಕೆಟ್ ಮಾರಾಟ ತೆರೆಯುವ ಕಾಲವೂ ಬೇರೆ ಬೇರೆ. ನಮ್ಮಲ್ಲಿ 2024ರ ನವೆಂಬರ್‌ನಿಂದ 60 ದಿನ ಮುಂಚೆ. ಸ್ವಿಸ್ ರಿಯಾಯಿತಿ ಟಿಕೆಟ್‌ಗಳು ಆರು ತಿಂಗಳವರೆಗೂ ಮುಂಚೆ ಸಿಗುತ್ತವೆ. ದುಡ್ಡು ಕಟ್ಟುವ ಕೊನೆಯ ಪುಟದಲ್ಲಿ ನಮ್ಮ ಕಾರ್ಡ್ ತಿರಸ್ಕಾರವಾಗುವುದು ತೀರಾ ಸಾಮಾನ್ಯ. ಕಾರಣ ಸರಳ: ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಬಂದ್ ಆಗಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿ ಹೆಚ್ಚಿಸಿಕೊಂಡು, ಆಮೇಲೆ ಟಿಕೆಟ್‌ಗೆ ಕೂರಬೇಕು. ವಿದೇಶದಲ್ಲಿದ್ದಾಗ ಒಟಿಪಿ ಬರುವ ಸಿಮ್ ರೋಮಿಂಗ್‌ನಲ್ಲಿ ಜೀವಂತವಾಗಿರಬೇಕು. ಟಿಕೆಟ್‌ನ ಮೇಲಿನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ. ನಮ್ಮ ಇನಿಷಿಯಲ್‌ಗಳು ಅಲ್ಲಿ ಗೊಂದಲ ಮಾಡುತ್ತವೆ, ವಿಸ್ತರಿಸಿ ಬರೆಯುವುದು ಒಳ್ಳೆಯದು. ಪಾಸ್‌ಪೋರ್ಟ್ ಮೈಮೇಲೇ ಇರಬೇಕು: ಷೆಂಗೆನ್ ಒಳಗೆ ಗಡಿ ತಪಾಸಣೆ ಕಡ್ಡಾಯವಲ್ಲದಿದ್ದರೂ ಕಿಯಾಸ್ಸೊದಲ್ಲಿ ಪೊಲೀಸರು ಹತ್ತಿ ಕೇಳುವುದುಂಟು.

ನಿಲ್ದಾಣಕ್ಕೆ ಹೋದ ಮೇಲೆ ಹಳದಿ ಹಾಳೆ ಹೊರಡುವ ರೈಲುಗಳದ್ದು, ಬಿಳಿ ಹಾಳೆ ಬರುವ ರೈಲುಗಳದ್ದು, ಸ್ವಿಟ್ಜರ್ಲೆಂಡ್‌ನಲ್ಲೂ ಇಟಲಿಯಲ್ಲೂ. ಜ್ಯೂರಿಕ್‌ನಲ್ಲಿ ಪ್ಲಾಟ್‌ಫಾರಂ ಸಂಖ್ಯೆ ಟಿಕೆಟ್ ನೋಡುವಾಗಲೇ ಗೊತ್ತಿರುತ್ತದೆ. 31ರಿಂದ 34 ಮತ್ತು 41ರಿಂದ 44 ನೆಲದಡಿಯಲ್ಲಿವೆ, ಅಲ್ಲಿಗೆ ಇಳಿಯಲು ಐದು ನಿಮಿಷ ಹೆಚ್ಚು ಇಟ್ಟುಕೊಳ್ಳಿ. ಪ್ಲಾಟ್‌ಫಾರಂನ ಎ, ಬಿ, ಸಿ, ಡಿ ಫಲಕಗಳು ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆಂದು ಹೇಳುತ್ತವೆ. ರೈಲು ಬಂದ ಮೇಲೆ ಲಗೇಜು ಎಳೆದುಕೊಂಡು ಓಡುವ ಬದಲು ಮೊದಲೇ ಆ ಅಕ್ಷರದ ಕೆಳಗೆ ನಿಂತಿರಬಹುದು. ಮಿಲಾನ್‌ನಲ್ಲಿ ಪ್ಲಾಟ್‌ಫಾರಂ ಸಂಖ್ಯೆ ಬೋರ್ಡಿಗೆ ಬರುವುದು ಹೊರಡುವ ಸ್ವಲ್ಪ ಮುಂಚೆ, ಅಲ್ಲಿ ಟಿಕೆಟ್ ತೋರಿಸಿಯೇ ಒಳಗೆ ಬಿಡುತ್ತಾರೆ. ಊಟ ಕಟ್ಟಿಕೊಂಡು ಹೋಗಲು ಎಲ್ಲೂ ಅಡ್ಡಿಯಿಲ್ಲ. ಬೆರ್ನಿನಾದ ಸಾಮಾನ್ಯ ರೈಲಿನಲ್ಲಿ ಊಟದ ಬೋಗಿ ಇಲ್ಲ, ಚಿತ್ರಾನ್ನದ ಡಬ್ಬಿ ಅಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಮಿಲಾನ್‌ನಿಂದ ಜ್ಯೂರಿಕ್‌ಗೆ ಬರುವವರು ಎಡಬಲಗಳನ್ನು ತಿರುಗಿಸಿಕೊಂಡರೆ ಮೇಲಿನದೆಲ್ಲ ಹಾಗೇ ಅನ್ವಯಿಸುತ್ತದೆ, ಒಂದು ಅನುಕೂಲವೂ ಹೆಚ್ಚು. ಈ ದಿಕ್ಕಿನಲ್ಲಿ ಬಿಗಿಯಾದ ತುಂಡು ಬೆಳಿಗ್ಗೆಯೇ ಮುಗಿದುಹೋಗುತ್ತದೆ. ತಿರಾನೊ ತಲುಪಿದ ಮೇಲೆ ಜ್ಯೂರಿಕ್ ತನಕ ಗಂಟೆಗೊಂದಾದರೂ ರೈಲು ಇದ್ದೇ ಇರುತ್ತದೆ. ಒಂದು ತಪ್ಪಿದರೆ ಗಂಟೆಯಷ್ಟೇ ನಷ್ಟ, ದಿನ ಕೆಡುವುದಿಲ್ಲ. ಎರಡೂ ದಿಕ್ಕಿನ ವಿಮಾನ ದರ ಒಂದೇ ಇದ್ದು ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮಿಲಾನ್‌ಗೆ ಇಳಿದು ಜ್ಯೂರಿಕ್‌ನಿಂದ ಮರಳುವಂತೆ ಟಿಕೆಟ್ ಮಾಡಿಸಿ.